ಉದ್ಗಾರದ ಗುಮಾಸ್ತ
ಇಂಗ್ಲಿಷ್ ಸಿನಿಮಾಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವ ನಮ್ಮ ಸೋದರಮಾವನ ಜೀವ ಹಿಂಡುವುದು 'ಓ ಗಾಶ್', 'ಡ್ಯಾಮಿಟ್'ನಂಥ ಪುಟಾಣಿ ಉದ್ಗಾರಗಳು. "ಸಿನಿಮಾದ ಲಾಯರು ಕೋರ್ಟಲ್ಲಿ ಅರ್ಧಗಂಟೆ ವಾದ ಮಾಡ್ಲಿ, ಬರೀತೀನಿ, ಈ ಡ್ಯಾಮಿಟ್ ಕಂಡ್ರೆ ಮಾತ್ರ ಸಾಕಪ್ಪಾ ಸಾಕು ಅನ್ಸುತ್ತೆ," ಎಂದು ಹಣೆ ಒತ್ತಿಕೊಳ್ಳುತ್ತಾರೆ. 'ಥೂ' ಎಂದರೆ ಉಗಿದಂತೆ, 'ಛೆ' ಎಂದರೆ ನೀರು ಬೆರೆಸಿದಂತೆ. ಅದೂ ಎರಡು ಸೆಕೆಂಡಿನಲ್ಲಿ ಓದಿ ಮುಗಿಯಬೇಕು. ಏನೂ ಹೊಳೆಯದಿದ್ದರೆ ಮೊಣಕೈಯನ್ನು ಬೇಕೆಂದೇ ಮೇಜಿನ ಅಂಚಿಗೆ ಕುಟ್ಟಿಕೊಂಡು, ಆ ನೋವಿಗೆ ಬಾಯಿಗೆ ಬಂದದ್ದನ್ನೇ ಬರೆದುಬಿಡುತ್ತಾರೆ. ಇಪ್ಪತ್ತು ವರ್ಷದಿಂದ ಕುಟ್ಟಿ ಕುಟ್ಟಿ ಮೊಣಕೈ ಕಪ್ಪುಗಟ್ಟಿದೆ. ಈಚೆಗೆ ಎಷ್ಟು ಕುಟ್ಟಿಕೊಂಡರೂ ಬಾಯಿಗೆ ಬರುವುದು ಒಂದೇ: "ಹೋಗತ್ಲಾಗೆ!" ಅದು ಹೋದ ವರ್ಷ ತೀರಿಕೊಂಡ ಹೆಂಡತಿಯ ಮಾತು. ಹಾಲು ಉಕ್ಕಿದರೂ ಆಕೆ ಅದನ್ನೇ ಅನ್ನುತ್ತಿದ್ದರು. ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನವೂ ಅದನ್ನೇ ಅಂದು, ಎದ್ದು ಚಪ್ಪಲಿ ಮೆಟ್ಟಿಕೊಂಡಿದ್ದರು.