ಗ್ಯಾಸಿನ ಮೇಲಿನ ಚಹಾ

ಗಾಳಿಯ ಗುಣಮಟ್ಟ ಅಳೆಯಲು ಯಾವುದೋ ವಿಶ್ವವಿದ್ಯಾಲಯದಿಂದ ಕಣೇಕಲ್ಲಿಗೆ ಬಂದಿದ್ದ ಆ ಸಂಶೋಧಕರಿಗೆ ಹಳ್ಳಿ ಹೆಂಗಸರ ಶ್ವಾಸಕೋಶದ ಬಗ್ಗೆ ಬಹಳ ಮರುಕ. ಮರುಗುವಾಗಲೂ ಮುಖದ ಮಾಸ್ಕ್ ಇಳಿಸುತ್ತಿರಲಿಲ್ಲ. ಬಾಯಲ್ಲಿ ಸದಾ ಒಂದೇ ಮಾತು: "ಡೇಟಾ ಕೆಡಬಾರದು."

ಒಂದು ಯಂತ್ರವನ್ನು ನಮ್ಮ ಅಂಗಳದಲ್ಲಿಟ್ಟರು, ಇನ್ನೊಂದನ್ನು ಅಡುಗೆಮನೆಯಲ್ಲಿ. ದಿನಾ ಬಂದು ತಾವೇ ಚಾಲೂ ಮಾಡಿ, ಹೋಗುವಾಗ ಬಂದ್ ಮಾಡುತ್ತಿದ್ದರು. ಒಳಗಿನ ಯಂತ್ರದ ಅಂಕಿ ಏರಲೇ ಇಲ್ಲ. ಏರುವುದಾದರೂ ಹೇಗೆ? ನಮ್ಮ ಮನೆಯ ಅಡುಗೆಯೆಲ್ಲ ಕಟ್ಟಿಗೆ ಒಲೆಯ ಮೇಲೆಯೇ, ನಿಜ. ಗ್ಯಾಸು ಇರುವುದು ಬಂದವರಿಗೆ ಚಹಾ ಕಾಸಲು. ಹಾಗಾಗಿ ಅವರು ಹೊಸ್ತಿಲು ದಾಟಿದ ಕೂಡಲೇ ಅವ್ವ ಒಲೆ ಆರಿಸಿ ಗ್ಯಾಸು ಹಚ್ಚುತ್ತಿದ್ದಳು.

ಇದು ತಿಳಿದ ದಿನ ಅವರು ಮುಖ ಸಿಂಡರಿಸಿದರು. "ಒಲೆಯನ್ನೇ ಹಚ್ಚಿ, ಕಿಟಕಿ ಮುಚ್ಚಿ," ಎಂದವರೇ ಹೊರಗೆ ಬೇವಿನ ಮರದ ಕೆಳಗೆ ಹೋಗಿ ನಿಂತರು. ಒಳಗೆ ಅವ್ವ ಕೆಮ್ಮತೊಡಗಿದಳು. ನಾನು ಕಿಟಕಿಗೆ ಕೈಹಾಕಿದರೆ ಅಲ್ಲಿಂದಲೇ ಕೂಗಿದರು: "ತೆಗೀಬೇಡಿ! ಡೇಟಾ ಕೆಡುತ್ತೆ!"

"ಇರ್ಲಿ ಬಿಡೋ, ದೂರದಿಂದ ಬಂದಾರ, ಅವ್ರ ಕೆಲ್ಸ ಕೆಡಸಬ್ಯಾಡ," ಎಂದಳು ಅವ್ವ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ.

ಅಂಕಿ ಏರಿತು. ಸಂಶೋಧಕರು ಒಳಗೆ ಬಂದು ಯಂತ್ರವನ್ನು ಎತ್ತಿಕೊಂಡು, ಕೂಸಿನ ಮುಖ ಒರೆಸಿದ ಹಾಗೆ ಮೆತ್ತನೆಯ ಬಟ್ಟೆಯಿಂದ ಅದರ ಮಸಿ ಒರೆಸಿದರು. "ಪಾಪ, ಇಷ್ಟು ಹೊಗೆ ಇದಕ್ಕೆ ಆಗೋದಿಲ್ಲ," ಎಂದರು.

"ಚಾ ಕುಡುದು ಹೋಗ್ರಿ," ಎಂದಳು ಅವ್ವ, ಇನ್ನೂ ಕೆಮ್ಮುತ್ತಲೇ. "ಹೆಂಗೂ ಒಲಿ ಉರಿಯಾಕತ್ತೈತಿ, ಇದ್ರ ಮ್ಯಾಲ ಇಡ್ಲೇನ್ರಿ?"

"ಬೇಡಮ್ಮ, ಗ್ಯಾಸಿನ ಮೇಲೇ ಇಡಿ," ಎಂದರು ಅವರು. "ಒಲೆಯದು ಹೊಗೆ ವಾಸನೆ ಹೊಡೆಯುತ್ತೆ."