ರುದ್ರತ್ತೆಯ ಕಾಲ್ಮಿಷನ್

ಹುಣಸೆಬೀಜದ ಸರಿ ಹಾಕಿದ ಹೊಸ ಕಂಬಳಿಗೆ ಒಂದು ವಾಸನೆ ಇರುತ್ತದೆ. ಕುರಿಯ ಮೈಯದು ಅರ್ಧ, ಬೀಜದ ಗಂಜಿಯದು ಅರ್ಧ. ಒದ್ದೆಯಾಯಿತೆಂದರೆ ಮೂಗು ಮುಚ್ಚಿಕೊಳ್ಳಬೇಕು. ಮೊನ್ನೆ ಕಳ್ಳಂಬೆಳ್ಳದ ಕಡೆಯವನೊಬ್ಬ ಕಂಬಳಿ ಮಾರಿಕೊಂಡು ಬಾಗಿಲಿಗೆ ಬಂದ. ಮೊಮ್ಮಕ್ಕಳು ‘ಥೂ’ ಎಂದು ಒಳಗೆ ಓಡಿದವು. ನಾನು ಅದರಲ್ಲಿ ಮುಖ ಹುದುಗಿಸಿ ನಿಂತುಬಿಟ್ಟೆ. ಈ ಮುದುಕಿಗೆ ಏನೋ ಆಗಿದೆ ಎಂದುಕೊಂಡಿರಬೇಕು ಅವನು. ಆಗಿದ್ದದ್ದು ಇಷ್ಟೇ, ಶಿರಾದ ನಮ್ಮ ತಾತನ ಮನೆ ಕಣ್ಣ ಮುಂದೆ ಬಂದಿತ್ತು. ಆ ಪಡಸಾಲೆ, ಎಣ್ಣೆಗಪ್ಪು ಹಿಡಿದ ಕಂಬ, ಬೆಳಿಗ್ಗೆ ತಾತನ ಹಣೆಯಿಂದ ಉದುರುತ್ತಿದ್ದ ವಿಭೂತಿ. ಈಗ ಅಲ್ಲಿ ಕಡಲೆಕಾಯಿ ಮಂಡಿ ಇದೆ. ನಿಮಗೂ ಅಂಥ ಒಂದು ಮನೆ ಇದ್ದರೆ, ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ರುದ್ರತ್ತೆ ನನ್ನ ತಂದೆಯ ತಂಗಿ. ಪಾವಗಡದ ಕಡೆ ಕೊಟ್ಟಿದ್ದರು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಗಂಡನ ಮನೆ ಬಿಟ್ಟು ಬಂದು ನಮ್ಮಲ್ಲೇ ಇದ್ದಳು. ಬಂದಾಗ ಅವಳ ಮುಂಗೈ ಮೇಲೆ ಬರೆಯ ಗುರುತಿತ್ತು. ಅದೇನೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಅವಳೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಆದರೂ ಮದುವೆಯಾದ ಮಗಳನ್ನು ಸುಮ್ಮನೆ ಇಟ್ಟುಕೊಂಡರೆ ನಾಲ್ಕು ಜನ ಕೇಳುತ್ತಾರಲ್ಲ, ಅವರಿಗೆ ಏನು ಹೇಳುವುದು ಎಂಬುದೇ ತಾತನ ಸಂಕಟ. ‘ಏನಂತ ಇಟ್ಕಳ್ಳಿ ನಿನ್ನ?’ ಎಂದು ಒಮ್ಮೆ ಅವಳನ್ನೇ ಕೇಳಿದ್ದ. ಆ ಪ್ರಶ್ನೆಗೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆದರೆ ಕೇಳುವಾಗ ಅವನ ಕಣ್ಣು ತುಂಬಿದ್ದವು, ಅದನ್ನೂ ಹೇಳಬೇಕು.

ಅದು ಯುದ್ಧದ ಕಾಲ. ಪೇಟೆಯಲ್ಲಿ ಬಟ್ಟೆಗೆ ತತ್ವಾರ. ಗಾಡಿ ಹೊಡೆಯುವವರಿಗೆ, ಕಾವಲಿನವರಿಗೆ ಕಂಬಳಿಯ ಕೋಟು ಹೊಲಿಸಿಕೊಡುವ ಸೌಕಾರರೊಬ್ಬರು ನಮ್ಮ ಬೀದಿಯಲ್ಲೇ ಇದ್ದರು. ಅತ್ತೆ ದಬ್ಬಳದಲ್ಲಿ ಕೈಹೊಲಿಗೆ ಹಾಕಿ ಒಂದು ಕೋಟು ಮಾಡಿ ತೋರಿಸಿದಳು. ಸೌಕಾರರಿಗೆ ಹಿಡಿಸಿತು. ಮನೆಯಲ್ಲಿ ಹೊಲಿಗೆ ಮಿಷನ್ ಇದ್ದರೆ ಕೆಲಸವನ್ನೆಲ್ಲ ಇಲ್ಲಿಗೇ ಕೊಡುತ್ತೇನೆ ಎಂದರು. ತಾತನಿಗೆ ಹೋದ ಜೀವ ಬಂದಂತಾಯಿತು. ನಾಲ್ಕು ಜನಕ್ಕೆ ಹೇಳಲು ಒಂದು ಮಾತು ಸಿಕ್ಕಿತ್ತು. ಅಷ್ಟರಲ್ಲಿ ಪಾವಗಡದಿಂದ, ಸೋಮವಾರ ಗಾಡಿ ಕಟ್ಟಿಕೊಂಡು ಬರುತ್ತೇವೆ, ಕಳಿಸಿಕೊಡಿ ಎಂದು ಹೇಳಿಕಳಿಸಿದರು.

ಆ ಸೋಮವಾರ ಬೆಳಿಗ್ಗೆ ಪಡಸಾಲೆಯಲ್ಲಿ ಎರಡು ಮಿಷನ್ ಕೂತಿದ್ದವು. ನೋಡಿ ಒಂದನ್ನು ಇಟ್ಟುಕೊಳ್ಳುವುದೆಂದು ಮಾತು. ಒಂದು ತುಮಕೂರಿನಿಂದ ಬಂದ ಹೊಸ ಕೈಮಿಷನ್, ಮೈಮೇಲೆಲ್ಲ ಚಿನ್ನದ ಬಣ್ಣದ ಬಳ್ಳಿ. ಇನ್ನೊಂದು ಮಸೀದಿ ಬೀದಿಯ ದರ್ಜಿ ಪೀರ್ ಸಾಬರದು. ಅವರು ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟಿದ್ದರು. ಅದು ಕಾಲ್ಮಿಷನ್, ಎಮ್ಮೆಯ ಹಾಗೆ ಕಪ್ಪಗೆ ಮೂಲೆಯಲ್ಲಿ ನಿಂತಿತ್ತು. ಅಜ್ಜಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಕೂತಲ್ಲಿ ಕಾಲು ಆಡಿಸಿದರೆ ಮನೆಗೆ ದರಿದ್ರ ಎಂದು ನಮ್ಮ ತೊಡೆಗೆ ಚಿವುಟುತ್ತಿದ್ದ ಅಜ್ಜಿ ಅವಳು. ಮಗಳು ದಿನವಿಡೀ ಪಡಸಾಲೆಯಲ್ಲಿ ಕೂತು ಎರಡೂ ಕಾಲು ಆಡಿಸುವುದೆಂದರೆ! ‘ಆ ಪೀಡೆ ನಮ್ಮನೇಗ್ ಬ್ಯಾಡ. ಕೈಲಿ ತಿರುಗ್ಸೋದೇ ಇರ್ಲಿ,’ ಎಂದು ಮೊದಲೇ ತೀರ್ಮಾನ ಮಾಡಿದ್ದಳು.

ಪರೀಕ್ಷೆಗೆ ಹೊಸ ಕಂಬಳಿ ಯಾಕೆ ಹಾಳುಮಾಡುವುದು ಎಂದು ತನ್ನ ಹಳೆಯ ಕಂಬಳಿಯನ್ನು ಅಜ್ಜಿಯೇ ತಂದುಕೊಟ್ಟಳು. ಎಷ್ಟೋ ಸಲ ಕೆರೆಯಲ್ಲಿ ಕುಕ್ಕಿ ಒಗೆದು ಗಂಜಿಯ ಸರಿಯೆಲ್ಲ ಬಿಟ್ಟುಹೋಗಿ, ಅದು ಮೆತ್ತಗಾಗಿತ್ತು. ಕೈಮಿಷನ್ ಅದರ ಮೇಲೆ ಚೆಂದವಾಗಿ ಓಡಿತು. ತಾತ ‘ಆಯ್ತಲ್ಲ’ ಎಂದು ಎದ್ದೇಬಿಟ್ಟ. ಅದೇ ಹೊತ್ತಿಗೆ ಹೊರಗೆ ಗಾಡಿ ನಿಂತಿತು. ಅತ್ತೆಯ ಗಂಡನ ಅಣ್ಣ ಒಳಗೆ ಬಂದ. ದಪ್ಪ ಮೀಸೆ, ಮಾತಿನಲ್ಲಿ ಅರ್ಧ ತೆಲುಗು. ಅಜ್ಜಿ ಕೊಟ್ಟ ನೀರು ಕುಡಿದು, ಚಾಪೆಯ ಮೇಲೆ ಕೂತು, ‘ಪದಮ್ಮಾ, ಹೊರಡು, ಹೊತ್ತಾಯ್ತು. ಎತ್ತು ಬಿಚ್ಚಲ್ಲ ನಾನು,’ ಅಂದ. ನಾನು ಕಂಬ ತಬ್ಬಿಕೊಂಡು ನಿಂತಿದ್ದೆ.

ಅತ್ತೆ ತಾತನ ಕಡೆ ತಿರುಗಿ, ‘ಅಪ್ಪಾ, ಹೊಸದ್ರ ಮ್ಯಾಲೆ ನೋಡ್ಬೇಕು. ಸೌಕಾರ್ರು ಕೊಡೋದು ಹೊಸದು ತಾನೆ?’ ಅಂದಳು. ಸೌಕಾರರ ಹೊಸ ಕಂಬಳಿ ಹಲಗೆಯ ಹಾಗೆ ಬಿರುಸಾಗಿತ್ತು. ಕೊರಳಪಟ್ಟಿಗೆ ಬೇಕಾದ ಹಾಗೆ ಅದನ್ನು ಮಡಿಸಿ ಮಡಿಸಿ ಸೂಜಿಯ ಕೆಳಗೆ ತುರುಕಿದಳು. ಬಲಗೈ ಚಕ್ರಕ್ಕೆ ಹೋದರೆ ಆ ಭಾರವನ್ನು ಹಿಡಿಯಲು ಉಳಿದದ್ದು ಎಡಗೈ ಒಂದೇ. ಕಂಬಳಿ ಜಾರಿತು, ಅವಳು ಎಳೆದಳು, ಸೂಜಿ ಚಟ್ಟೆಂದು ಮುರಿಯಿತು. ತಾತನ ಮುಖ ಬಿಳಿಚಿಕೊಂಡಿತು. ಅತ್ತೆಯ ಭಾವ ನಕ್ಕ. ‘ಸೂಜಿನೇ ಬ್ಯಾಡ ಅಂತೈತಮ್ಮಾ. ಇನ್ನ ಬಾ,’ ಎಂದು ರುಮಾಲು ಕೊಡವಿಕೊಂಡು ಎದ್ದ.

ಆಮೇಲೆ ನಡೆದದ್ದು ನಮ್ಮ ಮನೆಯಲ್ಲಿ ಅದುವರೆಗೆ ನಡೆದಿರಲಿಲ್ಲ. ಭಾವನ ಎದುರಿಗೆ ಅತ್ತೆ ಮಣೆಯ ಮೇಲೂ ಕೂರುತ್ತಿರಲಿಲ್ಲ, ಅವನೊಂದಿಗೆ ಬಾಗಿಲ ಮರೆಯಲ್ಲಿ ನಿಂತೇ ಮಾತಾಡುವವಳು. ಅಂಥವಳು ಕಂಬಳಿಯನ್ನು ಎತ್ತಿಕೊಂಡು ಸೀದಾ ಮೂಲೆಗೆ ಹೋಗಿ, ಪೀರ್ ಸಾಬರ ಸ್ಟೂಲಿನ ಮೇಲೆ ಕೂತು, ಸೀರೆಯನ್ನು ಕಾಲ ಹರಡಿಗೆ ಒತ್ತಿಕೊಂಡು, ಎರಡೂ ಪಾದ ಊರಿದಳು. ‘ಲೇ ರುದ್ರಿ! ಕಾಲು!’ ಎಂದು ಅಜ್ಜಿ ಕಿರುಚಿದಳು. ಮೊದಲು ಚಕ್ರ ಹಿಂದಕ್ಕೆ ತಿರುಗಿ ದಾರ ತುಂಡಾಯಿತು. ಮತ್ತೆ ಪೋಣಿಸಲು ಹೋದರೆ ದಾರ ಸೂಜಿಯ ಕಣ್ಣಿಗೆ ಸೇರುತ್ತಿಲ್ಲ. ಭಾವ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಾನೆ. ಪೋಣಿಸಿದಳು. ಕೈಯಿಂದ ಚಕ್ರವನ್ನು ಮುಂದಕ್ಕೆ ತಳ್ಳಿಕೊಟ್ಟು ತುಳಿದಳು. ಈ ಸಲ ಎರಡು ಕೈಯೂ ಕಂಬಳಿಯ ಮೇಲಿದ್ದವು. ಆ ಕರಿ ಮಿಷನ್ ನೆಲ ಅದುರುವ ಹಾಗೆ ಸದ್ದು ಮಾಡಿಕೊಂಡು, ಆ ಮಡಿಕೆಯನ್ನೆಲ್ಲ ನಿಧಾನವಾಗಿ ದಾಟಿತು. ನನಗೆ ಅಳು ಬಂದಿತ್ತು, ಯಾಕೆಂದು ಗೊತ್ತಿರಲಿಲ್ಲ.

ಅತ್ತೆ ಕಂಬಳಿಯನ್ನು ತಾತನ ಕೈಗೆ ಕೊಟ್ಟಳು. ತಾತ ಹೊಲಿಗೆಯ ಎರಡೂ ಕಡೆ ಹಿಡಿದು ಶಕ್ತಿಯಿದ್ದಷ್ಟು ಎಳೆದ. ಹೊಲಿಗೆ ಬಿಡಲಿಲ್ಲ. ಮತ್ತೊಮ್ಮೆ ಎಳೆದ. ಆಮೇಲೆ ಭಾವನ ಕಡೆ ತಿರುಗಿ, ‘ನೋಡಪ್ಪ, ಸೌಕಾರ್ರ ಕೆಲ್ಸ ಒಪ್ಕಂಡ್ಬುಟ್ಟಿದೀವಿ. ಮಾತು ತಪ್ಪಕ್ಕಾಗಲ್ಲ. ಕೆಲ್ಸ ಮುಗೀಲಿ, ಆಮ್ಯಾಕೆ ನಾನೇ ಕಳ್ಸಿಕೊಡ್ತೀನಿ,’ ಅಂದ. ಗಾಡಿ ಬಂದ ಹಾಗೇ ಹೋಯಿತು. ಅಜ್ಜಿ ಆ ದಿನ ಊಟ ಮಾಡಲಿಲ್ಲ.

ಆ ಕೆಲಸ ಮುಗಿಯಲಿಲ್ಲ. ಮುಗಿಯಲು ತಾತ ಬಿಟ್ಟರೆ ತಾನೆ! ಕೊನೆಯ ಕೋಟಿಗೆ ತೋಳು ಕೂರಿಸುವ ಹೊತ್ತಿಗೆ ಸೌಕಾರರ ಮನೆಗೆ ಹೋಗಿ ಇನ್ನಷ್ಟು ಕಂಬಳಿ ಹೊತ್ತು ತರುತ್ತಿದ್ದ. ಅವರಲ್ಲಿ ಇಲ್ಲದಿದ್ದರೆ ಬಡವನಹಳ್ಳಿ ಸಂತೆಗೆ ಹೋಗಿ ತಾನೇ ಕೊಂಡು ತರುವನು. ಪಾವಗಡದವರು ಕೇಳಿಕಳಿಸಿದಾಗಲೆಲ್ಲ, ‘ಇನ್ನೂ ಐತಪ್ಪ’ ಎಂದು ಮೂಲೆಯ ಕಡೆ ಕೈ ತೋರಿಸುತ್ತಿದ್ದ. ಅಜ್ಜಿ ಮಾತ್ರ ಮಿಷನ್ನಿನ ಹತ್ತಿರ ಸುಳಿಯುತ್ತಿರಲಿಲ್ಲ. ಅದರ ಸದ್ದು ಶುರುವಾದರೆ ಶಿವ ಶಿವಾ ಎಂದು ಹಿತ್ತಲಿಗೆ ಹೋಗುತ್ತಿದ್ದಳು.

ಹೀಗೇ ಕೆಲವು ವರ್ಷ ಕಳೆದ ಮೇಲೆ ತಾತ ಜ್ವರ ಹಿಡಿದು ಮಲಗಿದ, ಏಳಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ ಅತ್ತೆಯ ಭಾವ ಮಾತಾಡಿಸಲು ಬಂದ. ಮೀಸೆ ಬೆಳ್ಳಗಾಗಿತ್ತು. ಚಾಪೆಯ ಮೇಲೆ ಕೂತು ಮೂಲೆಯ ಕಡೆ ನೋಡಿದ. ಅಲ್ಲಿ ಹೊಲಿದು ಮುಗಿದ ಕೋಟುಗಳನ್ನು ಮಡಿಸಿಟ್ಟಿದ್ದರು, ಮಿಷನ್ನಿನ ಮೇಲೆ ಏನೂ ಇರಲಿಲ್ಲ. ‘ಪೆದ್ದಾಯನ ಹೋದ್ರು. ಇನ್ನ ಆ ಕೆಲ್ಸ ಮುಗ್ದಂಗೇ ಅಲ್ಲೇನಮ್ಮಾ?’ ಅಂದ. ನನ್ನ ತಂದೆ ನೆಲ ನೋಡಿದರು. ಅತ್ತೆಯ ಮುಖದಲ್ಲಿ ರಕ್ತವೇ ಇರಲಿಲ್ಲ.

ಗೋಡೆಗೆ ಒರಗಿ ಕೂತಿದ್ದ ಅಜ್ಜಿ ಎದ್ದಳು. ಒಳಗೆ ಹೋಗಿ, ತಾತ ಇನ್ನೂ ಮಡಿಕೆ ಬಿಚ್ಚಿರದ ಹೊಸ ಕಂಬಳಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದಳು. ಅದನ್ನು ತಾನೇ ಮಿಷನ್ನಿನ ಮೇಲೆ ಹಾಕಿದಳು.

‘ಕೆಲ್ಸ ಇನ್ನೂ ಐತೆ ಕಣಪ್ಪ,’ ಅಂದಳು. ‘ಕೂತ್ಕಳಮ್ಮ ರುದ್ರಿ.’

ಸಾವಿನ ಮನೆಯಲ್ಲಿ ಇದೇನೆಂದು ಯಾರೂ ಕೇಳಲಿಲ್ಲ. ಅತ್ತೆ ಕಣ್ಣು ಕೂಡ ಒರೆಸಿಕೊಳ್ಳದೆ ಹೋಗಿ ಕೂತು, ಕಾಲಿಟ್ಟಳು.