ಪಾಠದ ದಿನದ ಸ್ನಾನ

ಕೋಲಾರದಲ್ಲಿ ಹೈಸ್ಕೂಲು ಮುಗಿಸಿ ಮುಳಬಾಗಿಲಿಗೆ ವಾಪಸು ಬಂದ ವರ್ಷ ನನಗೆ ಉರ್ದು ಕಲಿಯುವ ಹುಚ್ಚು ಹಿಡಿಯಿತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು ಬಂದಿತ್ತು. ಬಲದಿಂದ ಎಡಕ್ಕೆ ಓಡುವ ಆ ಬರಹ ಮಾತ್ರ ಬೇರೆ ದೇಶದ್ದೇ ಅನ್ನಿಸುತ್ತಿತ್ತು. ಕಲಿಸಿದವರು ಪಾತ್ರೆಗಳಿಗೆ ಕಲಾಯಿ ಹಾಕುವ ಒಬ್ಬ ಸಾಬರು. ನಮ್ಮ ಮನೆಯ ಹಿತ್ತಾಳೆ ಪಾತ್ರೆಗಳ ಹೊಳಪೂ ಅವರ ಕೈಯದೇ. ನಾನು ಅವರನ್ನು ಉಸ್ತಾದ್ ಎನ್ನುತ್ತಿದ್ದೆ. ಮನೆಯಲ್ಲಿ ಮಾತ್ರ, ಯಾರೋ ಮುನ್ಷಿ ಮೇಷ್ಟರು ಕಲಿಸುತ್ತಾರೆ ಎಂದು ಸುಳ್ಳು ಹೇಳಿದ್ದೆ.

ಎರಡು ವರ್ಷದಲ್ಲಿ ಕಾಗದ ಬರೆಯುವಷ್ಟು ಬಂತು. ಶ್ರೀನಿವಾಸಪುರದಿಂದಲೂ ಕಾಗದ ಓದಿಸಿಕೊಳ್ಳಲು ಜನ ಬರುತ್ತಿದ್ದರು. ಒಮ್ಮೆ ನಾನಿದ್ದ ರೈಲಿಗೆ ಮಾಲೂರಿನಲ್ಲಿ ಹತ್ತಿದ ಒಬ್ಬ ವ್ಯಾಪಾರಿ ನನ್ನ ಉರ್ದು ಕೇಳಿ, ನಿಮ್ಮದು ಹೈದರಾಬಾದೇ ಎಂದಿದ್ದರು. ಆ ಹೆಮ್ಮೆ ಈ ವಯಸ್ಸಿನಲ್ಲೂ ಹೋಗಿಲ್ಲ. ಹೋಗಲಿ ಎಂದು ನನಗೂ ಅನ್ನಿಸಿಲ್ಲ.

ಈವರೆಗೆ ಹೇಳದೆ ಇಟ್ಟುಕೊಂಡದ್ದು ಬೇರೆ ಇದೆ. ಪಾಠ ಮುಗಿಸಿ ಬರುವಾಗಲೆಲ್ಲ ದಾರಿಯ ಬಾವಿಯಲ್ಲಿ ನೀರು ಸೇದಿ ತಲೆಗೆ ಸುರಿದುಕೊಂಡೇ ಮನೆಗೆ ಹೋಗುತ್ತಿದ್ದೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಅವರು ಕೊಡುವ ಚಹಾವನ್ನೂ ಹೊಟ್ಟೆ ಸರಿಯಿಲ್ಲವೆಂದು ತಪ್ಪಿಸುತ್ತಿದ್ದೆ.

ಹೀಗಿರುವಾಗ ಉಸ್ತಾದರ ಹೆಂಡತಿ ತೀರಿಕೊಂಡರು. ಬಂದವರೆಲ್ಲ ಸಲಾಂ ಹೇಳಿ, ಅವರ ಎರಡೂ ಕೈ ಹಿಡಿದು ಸಮಾಧಾನ ಹೇಳುತ್ತಿದ್ದರು. ನಮ್ಮಲ್ಲಿ ಸಾವಿನ ಮನೆಯಿಂದ ಹೊರಡುವಾಗ 'ಬರ್ತೀನಿ' ಅನ್ನುವುದಿಲ್ಲ. ಸುಮ್ಮನೆ ಎದ್ದು ಬಂದು ಸ್ನಾನ ಮಾಡುತ್ತೇವೆ. ನಾನೂ ಮಾತಿಲ್ಲದೆ ಕೂತು, ಮಾತಿಲ್ಲದೆ ಎದ್ದೆ. ಬಾವಿಯ ಹತ್ತಿರ ನೀರು ಸುರಿದುಕೊಳ್ಳುತ್ತಿದ್ದಾಗ ಅವರ ಮಗ ನೋಡಿದ.

ಮುಂದಿನ ಪಾಠದ ದಿನ ಅವನು ಬಾಗಿಲಲ್ಲೇ ಅಡ್ಡ ನಿಂತ.

"ಏನ್ಲಾ, ನಮ್ಮಮ್ಮನ ಮನೇನ ಮೈಮೇಲಿಂದ ತೊಳ್ಕೊಂಡಾಯ್ತಾ? ಇನ್ಮೇಲೆ ಬರಬೇಡ."

"ಸಾವಿನ ಮನೆಯಿಂದ ಬಂದ್ರೆ ಸ್ನಾನ ನಮ್ಮ ಪದ್ಧತಿ ಕಣೋ. ಸೋದರಮಾವನ ಮನೆಯಾದ್ರೂ ಮಾಡ್ತೀನಿ," ಎಂದೆ. ಅದು ನಿಜವೇ ಆಗಿತ್ತು.

ಒಳಗಿನಿಂದ ಉಸ್ತಾದ್ ಹೇಳಿದರು, "ಅದು ನಂಗೊತ್ತು ಬೇಟಾ, ಬಿಡು. ಪಾಠ ಮುಗಿಸ್ಕೊಂಡು ಹೋಗ್ವಾಗೆಲ್ಲ ತಲೆಗೆ ನೀರು ಸುರ್ಕೊಳ್ತಿದ್ಯಲ್ಲ, ಆವಾಗ ಯಾರು ಸತ್ತಿದ್ರು?"

ಎರಡು ವರ್ಷ ಗೊತ್ತಿದ್ದೂ ಕಲಿಸಿದ್ದರು! ಇನ್ನು ನನ್ನನ್ನು ಒಳಗೆ ಸೇರಿಸುತ್ತಾರೋ ಇಲ್ಲವೋ ಗೊತ್ತಾಗಲಿಲ್ಲ. ಮಗನನ್ನು ದಾಟಿ ಹೋಗಿ ಅವರ ಎರಡೂ ಕೈ ಹಿಡಿದೆ. ಮಸಿ ಹಿಡಿದ, ಒರಟಾದ ಕೈಗಳು.

"ತಪ್ಪಾಯ್ತು ಉಸ್ತಾದ್. ಮೈಲಿಗೆ ಅಂದ್ಕೊಂಡಿದ್ದೆ."

ಅವರು ಕೈ ಬಿಡಿಸಿಕೊಳ್ಳಲಿಲ್ಲ. ಮಗನ ಕಡೆ ತಿರುಗಿ, "ಚಾ ತಾರೋ. ಇವನ ಹೊಟ್ಟೆ ಸರಿಹೋಯ್ತಾ ನೋಡೋಣ," ಎಂದರು.

ಮುಖ ಗಂಟಿಕ್ಕಿಕೊಂಡೇ ಅವನು ತಂದುಕೊಟ್ಟ. ಪೂರ್ತಿ ಕುಡಿದೆ. ಅಂದು ಒಣ ತಲೆಯಲ್ಲೇ ಮನೆ ಸೇರಿದೆ.

ಕೆಲವು ವರ್ಷಗಳ ಮೇಲೆ ನಮ್ಮ ತಂದೆ ತೀರಿಹೋದರು. ಉಸ್ತಾದ್ ಬಂದು ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕೂತರು. ಹೊರಡುವಾಗ ಸಲಾಂ ಇಲ್ಲ, ಬರ್ತೀನಿ ಅನ್ನಲಿಲ್ಲ. ನಮ್ಮವರ ಹಾಗೆಯೇ ಸದ್ದಿಲ್ಲದೆ ಎದ್ದು ನಡೆದರು.

"ಕಲಾಯಿ ಸಾಬ್ರಲ್ವೇನೋ ಅವ್ರು?" ಎಂದರು ಅಮ್ಮ.

ನೆಂಟರೆಲ್ಲ ತುಂಬಿದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, "ಹೌದಮ್ಮ. ನಂಗೆ ಉರ್ದು ಕಲಿಸಿದ ಉಸ್ತಾದ್ ಅವ್ರೇ. ಮುನ್ಷಿ ಅಂತ ಯಾರೂ ಇರಲಿಲ್ಲ."